ಶೇಷಮ್ಮನ ಬಲ್ಬು

ಶೇಷಮ್ಮ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಹಾಗಂತ ಆಕೆ ಓಡಾಡಿ ಲೋಕೋದ್ಧಾರ ಮಾಡುವವಳೇನಲ್ಲ. ಕೂತರೆ ಕೆಲಸ ಕೆಟ್ಟೀತು ಎಂಬ ದಿಗಿಲು, ಅಷ್ಟೆ. ಬಾಣಸವಾಡಿ ಸ್ಟೇಷನ್ನಿನ ಹಿಂದೆ ಅಮೃತಪ್ಪನ ವಠಾರದಲ್ಲಿ ಮೊದಲನೇ ಕೋಣೆ ಆಕೆಯದು. ಬಾಗಿಲ ಹೊರಗೆ ಸಿಮೆಂಟಿನ ಕಟ್ಟೆ, ಅದರ ಮೇಲೆ ಗ್ಯಾಸಿನ ಒಲೆ, ಒಲೆಯ ಮೇಲೆ ದೊಡ್ಡ ಹಂಚು. ನಿಂತೇ ಹಿಟ್ಟು ನಾದುತ್ತಾಳೆ, ನಿಂತೇ ಜೋಳದ ರೊಟ್ಟಿ ಬಡಿಯುತ್ತಾಳೆ, ನಿಂತೇ ಚಹಾ ಕುಡಿಯುತ್ತಾಳೆ. "ಸ್ವಲ್ಪ ಕೂತ್ಕೊಳ್ಳೇ ಮಾರಾಯ್ತಿ" ಅಂದರೆ, "ಕುಂತ್ರ ಮತ್ತ ಏಳಬೇಕಲ್ರಿ ಅಕ್ಕಾರ" ಎನ್ನುತ್ತಾಳೆ.

ನಾನು ಶಾಂತಕುಮಾರಿ. ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದೆ. ಹೆಸರು ಇಟ್ಟವರು ಆತುರಪಟ್ಟರು ಎಂದು ನಮ್ಮ ಮನೆಯವರು ಯಜ್ಞನಾರಾಯಣ ಇವತ್ತಿಗೂ ಹೇಳುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಬಂದು, ಡಾಕ್ಟರು ಅನ್ನ ಕಮ್ಮಿ ಮಾಡಿ ಅಂದಾಗ ನಾನೂ ಜೋಳದ ರೊಟ್ಟಿಗೆ ಕೈ ಹಾಕಿದೆ. ಹಂಚಿಗೆ ಹೋಗುವ ಮೊದಲೇ ಅದು ನಾಲ್ಕು ಚೂರಾಗುತ್ತಿತ್ತು. ಚೂರುಗಳನ್ನು ಎರಡು ದಿನ ಮಾತಾಡದೆ ತಿಂದ ಮೇಲೆ ಮೂರನೇ ದಿನ ಅವರೇ ನನ್ನನ್ನು ಶೇಷಮ್ಮನ ವಠಾರಕ್ಕೆ ಕರೆದುಕೊಂಡು ಹೋದರು. ಆಮೇಲೆ ಬೆಳಗಿನ ವಾಕಿಂಗ್ ಎಂದರೆ ನಮ್ಮ ಕಾಲೊನಿಯಿಂದ ಎರಡು ಬೀದಿ ದಾಟಿ ಶೇಷಮ್ಮನ ಕಟ್ಟೆಯವರೆಗೆ ಎಂದಾಯಿತು.

ವಠಾರದ ತುಂಬ ಯಾದಗಿರಿ, ಶಹಾಪುರ ಕಡೆಯ ಜನ. ಸೆಂಟ್ರಿಂಗ್ ಕೆಲಸದ ಗಂಡಸರು. ಕಮ್ಮನಹಳ್ಳಿಯಲ್ಲಿ ಎಲ್ಲೇ ಹಳೇ ಮನೆ ಒಡೆದು ನಾಲ್ಕಂತಸ್ತು ಏಳಲಿ, ಹಲಗೆ ಹೊಡೆಯುವವರು ಇವರೇ. ಬೆಳಿಗ್ಗೆ ಟೆಂಪೊ ಬಂದು ಹಾರ್ನ್ ಹೊಡೆಯುವಷ್ಟರಲ್ಲಿ ಎಲ್ಲರ ಕೈಗೂ ರೊಟ್ಟಿ, ಪಲ್ಯ, ಗುರೆಳ್ಳು ಹಿಂಡಿಯ ಪೊಟ್ಟಣ ಸೇರಿರಬೇಕು. ಗುರೆಳ್ಳು ಎಂದರೆ ನಾವು ಹುಚ್ಚೆಳ್ಳು ಅನ್ನುತ್ತೇವಲ್ಲ, ಅದು. ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿದರೆ ಇದ್ದಿಲಿನ ಹಾಗೆ ಕಪ್ಪು ಪುಡಿ. ಶೇಷಮ್ಮನಿಗೆ ಅದು ಮೂರು ಹೊತ್ತೂ ಬೇಕು. ಚಹಾಕ್ಕೆ ಅದ್ದಿದ ರೊಟ್ಟಿಗೂ ಚಿಟಿಕೆ ಹಿಂಡಿ ಉದುರಿಸಿಕೊಳ್ಳುವುದನ್ನು ಕಂಡು ನಾನು ಮುಖ ಸಿಂಡರಿಸಿದ್ದೇನೆ.

ಗಂಡ ಭಗವಂತರಾಯ ತೀರಿಕೊಂಡು ವರ್ಷಗಳಾಗಿವೆ. ಮಕ್ಕಳಿಲ್ಲ. ಊರಿನಲ್ಲಿ ಮೈದುನನ ಮನೆ ಇದೆ, ಅಲ್ಲಿ ಈಕೆ ಕೂತು ಉಣ್ಣಬೇಕು. ಕೂತು ಉಣ್ಣುವುದು ಆಗದು ಎಂದೇ ಇಲ್ಲಿ ನಿಂತಿದ್ದಾಳೆ. ಗಂಡಸರಲ್ಲಿ ಕಿರಿಯರೆಲ್ಲ ಆಕೆಯನ್ನು ದೊಡ್ಡವ್ವ ಎನ್ನುತ್ತಾರೆ. ಹಿರಿಯ ಮೇಸ್ತ್ರಿ ಹುಸೇನಪ್ಪ ಮಾತ್ರ ತಂಗಿ ಅನ್ನುತ್ತಾನೆ.

ಹೋದ ವರ್ಷದ ಬೇಸಿಗೆಯಲ್ಲಿ ಆಕೆಯ ರೊಟ್ಟಿ ಬಡಿತ ತಪ್ಪತೊಡಗಿತು. ಟಪಟಪ ಎಂದು ಒಂದೇ ಸಮನೆ ಬರುತ್ತಿದ್ದ ಸದ್ದು ನಡುನಡುವೆ ನಿಲ್ಲುತ್ತಿತ್ತು. ನೋಡಿದರೆ ಕಟ್ಟೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಾಳೆ. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದೆ, ಒಳಗೆ ಬೆಳ್ಳಗೆ. ಆಸ್ಪತ್ರೆಗೆ ನಡಿ ಅಂದೆ. "ಬಿಸಲಿಗಿ ಹಿಂಗಾಗ್ತದ್ರಿ" ಅಂದಳು. ಮಳೆ ಬಂದ ಮೇಲೂ ಹಾಗೇ ಇದ್ದಾಗ "ಥಂಡಿಗಿ" ಅಂದಳು. ನನಗೆ ಪಿತ್ತ ನೆತ್ತಿಗೇರಿತು. ನಮ್ಮ ಬೀದಿಯ ಆಟೊ ಶೌಕತ್‌ನನ್ನು ಕರೆದು, ಹಿಟ್ಟಿನ ಕೈಯಲ್ಲೇ ಆಕೆಯನ್ನು ಹತ್ತಿಸಿಕೊಂಡು ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಹೊರಟೆ. ರಿಚರ್ಡ್ಸ್ ಟೌನ್ ದಾಟುವವರೆಗೂ "ಒಲಿ ಆರಿಸೀನೋ ಇಲ್ಲೋ" ಎಂದು ಒಂದೇ ರಾಗ.

ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಐದಕ್ಕೆ ಇಳಿದಿತ್ತು. ಇಂಥ ಮೈ ಹೊತ್ತು ನಿಂತಿದ್ದಾದರೂ ಹೇಗೆ ಎಂದು ಡ್ಯೂಟಿ ಡಾಕ್ಟರ್ ನನ್ನನ್ನೇ ಗದರಿದರು. ಮೊದಲು ರಕ್ತ ಏರಿಸಬೇಕು, ನಿಮ್ಮ ಕಡೆಯವರು ಬ್ಲಡ್ ಬ್ಯಾಂಕಿಗೆ ಬಂದು ಅಷ್ಟೇ ರಕ್ತ ಕೊಡಲಿ ಅಂದರು. ಈಕೆಗೆ ಕಡೆಯವರು ಎಂದರೆ ಯಾರು? ವಠಾರಕ್ಕೆ ಫೋನ್ ಮಾಡಿದೆ. ಸೆಂಟ್ರಿಂಗ್ ಹಲಗೆ ಹೊಡೆಯುತ್ತಿದ್ದ ಈರೇಶ, ಜೊತೆಗೆ ಹುಸೇನಪ್ಪ, ಸಿಮೆಂಟು ಮೆತ್ತಿದ ಬಟ್ಟೆಯಲ್ಲೇ ಬಂದು ಕೊಟ್ಟು ಹೋದರು.

ಅಲ್ಲಿಂದ ವಠಾರದಲ್ಲಿ ಒಂದು ಹೊಸ ಪದ್ಧತಿ ಹುಟ್ಟಿತು. ಬೆಳಿಗ್ಗೆ ಹಂಚಿನಿಂದ ಇಳಿಯುವ ಮೊದಲ ರೊಟ್ಟಿಗಳು ರಕ್ತ ಕೊಟ್ಟವರಿಗೆ. ದೇವರಿಗೆ ಎಡೆ ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದಳು. "ನೀನು ಹೀಗೆಲ್ಲ ಮಾಡ್ಬೇಡ. ಅವರು ಕೊಟ್ಟಿದ್ದು ಬ್ಯಾಂಕಿಗೆ, ನಿನಗೆ ಏರಿಸಿದ್ದು ಬೇರೆ ಯಾರದ್ದೋ" ಎಂದು ತಿಳಿಸಿ ಹೇಳಿದೆ. "ಯಾರದಾದ್ರೇನ್ರಿ, ನನ್ನ ಸಲುವಾಗಿ ಸೂಜಿ ಚುಚ್ಚಿಸ್ಕೊಂಡಾರಲ್ಲ" ಅಂದಳು.

ಏರಿಸಿದ ರಕ್ತ ಎಲ್ಲಿ ಹೋಗುತ್ತಿದೆ ಎನ್ನುವುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಬಾಯಿಯಿಂದ ಕ್ಯಾಮೆರಾದ ಪೈಪು ಇಳಿಸಿ ಹೊಟ್ಟೆ ನೋಡಿದರು, ಏನೂ ಇಲ್ಲ. ಕೆಳಗಿನಿಂದ ಬಿಟ್ಟು ದೊಡ್ಡ ಕರುಳು ನೋಡಿದರು, ಅಲ್ಲೂ ಏನೂ ಇಲ್ಲ. ಶೇಷಮ್ಮ ಪರೀಕ್ಷೆ ಪಾಸಾದವಳ ಹಾಗೆ ಬೀಗಿದಳು. ಮಲ ಕಪ್ಪಗಿರುತ್ತದೆಯಾ ಎಂದು ಕೇಳಿದ ಡಾಕ್ಟರುಗಳಿಗೆಲ್ಲ ಒಂದೇ ಉತ್ತರ: "ಗುರೆಳ್ಳು ತಿಂತೀನ್ರಿ, ಕರ್ರಗೇ ಇರ್ತದ." ಗುರೆಳ್ಳು ತಿಂದರೆ ಮಾರನೇ ದಿನ ಕಪ್ಪು ಎನ್ನುವುದು ವಠಾರದವರು ಊರಿನಿಂದ ಹೊತ್ತು ತಂದ ನಂಬಿಕೆ. ಬೆಂಗಳೂರಿನ ಡಾಕ್ಟರಿಗೆ ಗುರೆಳ್ಳು ಹಿಂಡಿಯ ಗುಣ ಏನು ಗೊತ್ತು? ಬರೆದುಕೊಂಡು ಸುಮ್ಮನಾದರು. ಮೇಲೆ ಕಬ್ಬಿಣದ ಮಾತ್ರೆ ಕೊಟ್ಟರು. ಅದರಿಂದಲೂ ಮಲ ಕಪ್ಪಾಗುತ್ತದಂತೆ. ಒಂದು ಕಪ್ಪಿನ ಮೇಲೆ ಇನ್ನೊಂದು ಕಪ್ಪು ಕೂತು, ಅದರಡಿ ಮೂರನೆಯ ಕಪ್ಪು ಇದ್ದರೆ ಹುಡುಕುವವರು ಯಾರು? ವಠಾರದ ಸಂಡಾಸಿನಲ್ಲಿ ಬಲ್ಬು ಕೂಡ ಇರಲಿಲ್ಲ. ಹಾಕಿದರೆ ದಿನವೆಲ್ಲ ಉರಿಸುತ್ತಾರೆ, ಇಲ್ಲವೇ ಕದಿಯುತ್ತಾರೆ ಎಂದು ಅಮೃತಪ್ಪ ಹೋಲ್ಡರನ್ನು ಖಾಲಿ ಬಿಟ್ಟಿದ್ದ.

ಎರಡು ತಿಂಗಳು ಕಳೆಯುವುದರಲ್ಲಿ ಮತ್ತೆ ಅದೇ ಏದುಸಿರು, ಮತ್ತೆ ರಕ್ತ. ಈ ಸಲ ವಠಾರದ ಬೇರೆ ಹುಡುಗರು ಕೊಟ್ಟರು. ನನಗೆ ಮನೆಯಲ್ಲಿ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಊಟದ ನಡುವೆ ಎದ್ದು ಈರೇಶನಿಗೆ ಫೋನ್ ಮಾಡುತ್ತಿದ್ದೆ. "ನೀನೇನು ಅವಳ ಕರುಳೊಳಗೆ ಹೋಗಿ ನೋಡೋಕಾಗತ್ತಾ?" ಎಂದು ನಮ್ಮ ಮನೆಯವರು ರೇಗಿದರು. ಯಾರಾದರೂ ಹೋಗಿ ನೋಡಲೇಬೇಕಲ್ಲ ಎಂದು ಆಗ ನನಗೆ ಹೊಳೆಯಿತು. ವಿಚಾರಿಸುತ್ತಾ ಹೋದಾಗ ಕೆ.ಆರ್. ಪುರದ ಕಡೆ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕರುಳಿನ ಡಾಕ್ಟರ್ ಪ್ರಿಯದರ್ಶಿನಿ ಇದ್ದಾರೆ ಎಂದು ಗೊತ್ತಾಯಿತು. ಖರ್ಚು ಸರ್ಕಾರಿ ಕಾರ್ಡಿನಲ್ಲಿ ಆಯಿತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಡಾಕ್ಟರ್ ಪ್ರಿಯದರ್ಶಿನಿಗೆ ನಲವತ್ತು ಇರಬಹುದು. ಕಾಗದಗಳನ್ನೆಲ್ಲ ಓದಿ ಕನ್ನಡಕ ತೆಗೆದರು. "ಅಮ್ಮಾ, ಮೇಲಿಂದ ನೋಡಿದ್ದಾರೆ, ಕೆಳಗಿಂದ ನೋಡಿದ್ದಾರೆ. ಮಧ್ಯದಲ್ಲಿ ಇಪ್ಪತ್ತಡಿ ಸಣ್ಣ ಕರುಳಿದೆ. ಅಲ್ಲಿಗೆ ಇನ್ನೂ ಯಾರೂ ಹೋಗಿಲ್ಲ. ಮೋಶನ್ ಯಾವ ಬಣ್ಣ?"

"ಗುರೆಳ್ಳು ತಿಂತೀನ್ರಿ."

"ನಾನು ಬಣ್ಣ ಕೇಳಿದ್ದು."

ಶೇಷಮ್ಮ ನನ್ನ ಮುಖ ನೋಡಿದಳು. "ಸಂಡಾಸದಾಗ ಕತ್ಲಿ ಇರ್ತದ್ರಿ. ನೀರ್ ಹಾಕಿ ಬರ್ತೀನಿ."

"ಸರಿ. ಇವತ್ತಿಂದ ಕಬ್ಬಿಣದ ಮಾತ್ರೆ ನಿಲ್ಸಿ, ಗುರೆಳ್ಳೂ ನಿಲ್ಸಿ. ಆಮೇಲೆ ದಿನಾ ಬೆಳಕು ಬಿಟ್ಟು ನೋಡ್ಬೇಕು. ಹಳದಿಗೆ ತಿರುಗಿದ್ರೆ ಅವಸರ ಇಲ್ಲ, ಸರದಿ ಬಂದಾಗ ಕರೆದು ಕ್ಯಾಮೆರಾ ಇರೋ ಮಾತ್ರೆ ನುಂಗಿಸ್ತೀನಿ. ವಾರ ಆದ್ರೂ ಕಪ್ಪಗೇ ಇದ್ರೆ, ಡಾಂಬರು ಥರ ಅಂಟಂಟಾಗಿದ್ರೆ, ಅದು ರಕ್ತ. ಒಳಗೆ ಸೋರಿ ಕೆಳಗೆ ಬರೋ ಹೊತ್ತಿಗೆ ರಕ್ತ ಕಪ್ಪಾಗತ್ತೆ. ಆಗ ಒಂದು ದಿನವೂ ಕಾಯದೆ ಬನ್ನಿ."

ನನ್ನ ಟಾರ್ಚನ್ನು ಶೇಷಮ್ಮನ ಕೈಗೆ ಕೊಟ್ಟೆ. ಆ ವಾರವಿಡೀ ನನ್ನ ಜೀವ ನನ್ನ ಹತ್ತಿರ ಇರಲಿಲ್ಲ. ಎದುರಿಗಿದ್ದ ಹಿಂಡಿಯ ಡಬ್ಬಿಯ ಮುಚ್ಚಳ ತೆಗೆದು, ಮೂಸಿ, ಮತ್ತೆ ಮುಚ್ಚುತ್ತಿದ್ದವಳನ್ನು ಕಂಡು ಕನಿಕರವೂ ಆಯಿತು. ವಾರ ಕಳೆಯಿತು. "ಏನಾಯ್ತೇ?" ಅಂದೆ.

"ಹಳದಿ ಆಗ್ಯದ್ರಿ ಅಕ್ಕಾರ," ಅಂದಳು. ಹಿಟ್ಟಿನಿಂದ ಕಣ್ಣು ಎತ್ತಲಿಲ್ಲ.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಹೇಳಿದೆ. ಒಳ್ಳೆಯದು, ರಕ್ತಸ್ರಾವ ಸದ್ಯಕ್ಕೆ ನಿಂತಿರಬಹುದು, ಸರದಿಯಲ್ಲಿ ಕರೆಯುತ್ತೇವೆ ಅಂದರು. ಆ ದಿನ ನಾನೇ ಮನೆಯಲ್ಲಿ ಪಾಯಸ ಮಾಡಿ, ಸಕ್ಕರೆ ಕಾಯಿಲೆಯ ಗಂಡನ ಎದುರು ಕೂತು ಒಬ್ಬಳೇ ತಿಂದೆ.

ಹತ್ತು ದಿನವೂ ಕಳೆದಿರಲಿಲ್ಲ. ಬೆಳಿಗ್ಗೆ ನಾನು ವಠಾರದ ತಿರುವಿನಲ್ಲಿದ್ದೇನೆ, ಟೆಂಪೊ ಹಾರ್ನ್ ಹೊಡೆಯುತ್ತಿದೆ, ಇದ್ದಕ್ಕಿದ್ದಂತೆ ಕೂಗು. ಶೇಷಮ್ಮ ಹಂಚಿನ ಮೇಲೆಯೇ ಬೀಳಲಿದ್ದಳಂತೆ, ಈರೇಶ ಹಿಂದಿನಿಂದ ಹಿಡಿದು ಎಳೆದಿದ್ದ. ತುಟಿಯಲ್ಲಿ ಬಣ್ಣವೇ ಇಲ್ಲ. ಶೌಕತ್ ಆಟೊ ತಂದ. "ಅಮ್ಮಾ ಬೇಗ ಕೂತ್ಕೊಳ್ಳಿ, ನಾನ್ ನೋಡ್ಕೋತೀನಿ ಟ್ರಾಫಿಕ್ಕು" ಎಂದು ಹೊರಟವನು ರಿಂಗ್ ರೋಡಿನಲ್ಲಿ ಹಾರ್ನಿನಿಂದ ಕೈ ತೆಗೆಯಲಿಲ್ಲ. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಬಸ್ಸುಗಳ ನಡುವೆ ಸಿಕ್ಕಿಕೊಂಡೆವು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ನಾನು ಆಟೊದಿಂದ ಇಳಿದು ಬಸ್ಸಿನ ತಗಡು ಗುದ್ದಿ ಡ್ರೈವರನನ್ನು ಬೈದೆ. ಪಾಪ, ಅವನ ಮುಂದೆಯೂ ಬಸ್ಸೇ ಇತ್ತು.

ಹಿಮೋಗ್ಲೋಬಿನ್ ನಾಲ್ಕು ಕೂಡ ಇರಲಿಲ್ಲ. ಡಾಕ್ಟರ್ ಪ್ರಿಯದರ್ಶಿನಿ ಕೈಗವಸು ಹಾಕಿ ಪರೀಕ್ಷೆ ಮಾಡಿ, ಬೆರಳಿಗೆ ಅಂಟಿದ ಕಪ್ಪನ್ನು ನನಗೆ ತೋರಿಸಿದರು. ಡಾಂಬರು. "ಹಳದಿ ಅಂತ ಹೇಳಿದ್ರಲ್ಲ?" ಅಂದರು. ನಾನು ಶೇಷಮ್ಮನ ಕಡೆ ತಿರುಗಿದೆ. ಆಕೆ ಗೋಡೆಯ ಕಡೆ ತಿರುಗಿದಳು.

"ಸುಳ್ಳು ಹೇಳಿದ್ಯಾ ನನಗೆ?"

"ಹೂಂರಿ."

"ಯಾಕೆ? ಸಾಯೋಕಾ?" ವಾರ್ಡಿನವರೆಲ್ಲ ನೋಡುವ ಹಾಗೆ ಕಿರುಚಿದೆ.

ಆಕೆ ಗೋಡೆಗೇ ಹೇಳಿದಳು. "ಕರ್ರಗ ಅದ ಅಂದ್ರ ಮತ್ತ ರಕ್ತ ಅಂತೀರಿ. ಯಾರಿಗಿ ಕೇಳ್ಲಿರಿ? ಎಲ್ಲಾರೂ ಕೊಟ್ಟಾರ. ಈರೇಶ ಕೊಟ್ಟ ಮರುದಿನ ಹಲಗಿ ಹೊತ್ತು ತಲಿ ತಿರುಗಿ ಕುಂತಾನ, ನಾ ನೋಡೀನಿ. ಹೊಟ್ಟಿ ಕಟ್ಟಿ ದುಡಿಯೋ ಹುಡುಗ್ರು. ಅವರ ಮೈಯಾಗಿನ ರಕ್ತ ತಗೊಂಡು ನಾ ಸಂಡಾಸಿಗಿ ಚೆಲ್ಲಲಾಕತ್ತೀನಲ್ರಿ ಅಕ್ಕಾರ. ಬರೇ ಚೆಲ್ಲಲಾಕತ್ತೀನಿ. ಎಷ್ಟಂತ ಚೆಲ್ಲಲಿ?"

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆಕೆಯ ಬೆನ್ನಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಡಾಕ್ಟರ್ ಮಾತ್ರ ಅಳುವವರಲ್ಲ. "ಇನ್ನೊಂದ್ಸಲ ಮುಚ್ಚಿಟ್ರೆ ಆಸ್ಪತ್ರೆ ತನಕ ಬರೋಕಾಗಲ್ಲ ಅಮ್ಮಾ, ದಾರೀಲೇ ಮುಗಿಯತ್ತೆ. ನೆನಪಿರ್ಲಿ" ಅಂದರು.

ರಕ್ತ ಈಗಲೇ ಬೇಕಿತ್ತು. ನಮ್ಮ ಮನೆಯವರಿಗೆ, ನನಗೆ ವಯಸ್ಸು ಮೀರಿದೆ. ವಠಾರದ ಹುಡುಗರು ಕೊಟ್ಟು ಮೂರು ತಿಂಗಳಾಗಿಲ್ಲ, ಅಲ್ಲಿಯವರೆಗೆ ಮತ್ತೆ ಕೊಡುವ ಹಾಗಿಲ್ಲ. ಕಾರಿಡಾರಿನಲ್ಲಿ ನಾನು ಆ ಕಡೆಯಿಂದ ಈ ಕಡೆಗೆ ಸುತ್ತುತ್ತಿದ್ದಾಗ ಶೌಕತ್ ಆಟೊ ಕೀ ಜೇಬಿಗೆ ಹಾಕಿಕೊಂಡು ಬಂದು, "ಎಲ್ಲಿ ಮಲಗ್ಬೇಕು ಅಮ್ಮಾ?" ಅಂದ. ಇನ್ನೊಬ್ಬರು ಬೇಕು ಎಂದು ನಾನು ಅಮೃತಪ್ಪನಿಗೇ ಫೋನ್ ಮಾಡಿದೆ. ಬೈದರೂ ಸರಿ, ಬೈಸಿಕೊಂಡರೂ ಸರಿ ಎಂದು. ಆ ಮನುಷ್ಯ ತುಟಿ ಪಿಟಕ್ಕೆನ್ನದೆ ಸ್ಕೂಟರಿನಲ್ಲಿ ಬಂದು ತೋಳು ಚಾಚಿದ. ಬಲ್ಬು ಹಾಕಿಸದವನು ರಕ್ತ ಕೊಟ್ಟ. ಲೋಕದ ಲೆಕ್ಕ ನನಗೆ ಇವತ್ತಿಗೂ ಹತ್ತುವುದಿಲ್ಲ.

ಸಂಜೆ ಹುಸೇನಪ್ಪ, ಈರೇಶ ಕೆಲಸ ಮುಗಿಸಿ ಬಂದರು. ಆಕೆ ಯಾಕೆ ಸುಳ್ಳು ಹೇಳಿದಳು ಎಂಬುದನ್ನು ಅವರಿಗೆ ನಾನೇ ಹೇಳಿದೆ. ಈರೇಶ ತಲೆ ತಗ್ಗಿಸಿದ. ಹುಸೇನಪ್ಪ ಮಂಚದ ಹತ್ತಿರ ಹೋಗಿ ನಿಂತ. ಅವನು ಹೆಚ್ಚು ಮಾತಾಡುವವನಲ್ಲ.

"ತಂಗಿ, ರಕ್ತ ಕೊಟ್ಟೋರು ನಾವು. ಅದು ಏನಾಯ್ತು ಅಂತ ಕೇಳೋ ಹಕ್ಕು ನಮಗದ. ನೀ ಮುಚ್ಚಿಟ್ರ ನಮ್ಮದ ಕದ್ದು ಇಟ್ಕೊಂಡಂಗ. ಚೆಲ್ಲಿದ್ರ ಚೆಲ್ಲಿತು ಅಂತ ಹೇಳು. ಮತ್ತ ತುಂಬತೀವಿ. ಕದೀಬ್ಯಾಡ."

ಶೇಷಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರ್ ಹೇಳಿದ್ದಕ್ಕಿಂತ, ನಾನು ಕಿರುಚಿದ್ದಕ್ಕಿಂತ ಆ ಮಾತು ಆಕೆಗೆ ನಾಟಿತು. ಅದು ನನಗೆ ಸ್ಪಷ್ಟವಾಗಿ ಕಂಡಿತು.

ಎರಡು ದಿನಕ್ಕೆ ಕ್ಯಾಪ್ಸೂಲ್ ಪರೀಕ್ಷೆ. ಮಾತ್ರೆಯಷ್ಟು ದೊಡ್ಡ ಕ್ಯಾಮೆರಾ, ತುದಿಯಲ್ಲಿ ಮಿಣಮಿಣ ದೀಪ. ನೀರಿನ ಜೊತೆ ನುಂಗಿದಳು. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಒಂದು ಪೆಟ್ಟಿಗೆ. ಒಳಗಿನಿಂದ ಬರುವ ಚಿತ್ರಗಳು ಅದರಲ್ಲಿ ಇಳಿಯುತ್ತವೆ. ಸಂಜೆಯವರೆಗೆ ನಿಧಾನಕ್ಕೆ ಓಡಾಡಿಕೊಂಡಿರಿ ಅಂದರು. ಶೇಷಮ್ಮನಿಗೆ ಇದಕ್ಕಿಂತ ಬೇಕೆ? ಕಾರಿಡಾರಿನ ಉದ್ದಕ್ಕೂ ನಡೆದಳು, ನಾನು ಹಿಂದೆ ಹಿಂದೆ. ಗಳಿಗೆಗೊಮ್ಮೆ "ಈಗ ಎಲ್ಲಿ ಮುಟ್ಟ್ಯದ್ರಿ?" ಎನ್ನುವಳು. ರಜೆ ಹಾಕಿ ಬಂದಿದ್ದ ಈರೇಶ, ಊರಿನ ರೈಲು ಹತ್ತಿದವರ ಧಾಟಿಯಲ್ಲಿ, "ಗುಂತಕಲ್ ದಾಟ್ಯದ ದೊಡ್ಡವ್ವ, ರಾಯಚೂರಿಗಿ ಬಂದ್ರ ಚಹಾ ಕುಡಿಯೋಣು" ಎಂದ. ಆಕೆ ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು. ನನಗೆ ನಗು ಬರಲಿಲ್ಲ. ಒಳಗೆ ಗಡ್ಡೆ ಇದ್ದರೆ, ಅದು ಇದ್ದರೆ, ಇದು ಇದ್ದರೆ ಎಂದು ತಲೆ ಗಿರ್ರೆನ್ನುತ್ತಿತ್ತು.

ಮರುದಿನ ಡಾಕ್ಟರ್ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ನಸುಗೆಂಪು ಗೋಡೆಯ ಮೇಲೆ ಅಲ್ಲಲ್ಲಿ ಕುಂಕುಮ ಚೆಲ್ಲಿದಂಥ ಕಲೆಗಳು. ಒಂದು ಕಡೆಯಿಂದ ಕೆಂಪು ಗೆರೆ ಇಳಿಯುತ್ತಿತ್ತು. ನಾವು ತಿಂಗಳುಗಟ್ಟಲೆ ಹುಡುಕಿದ್ದು ಅಲ್ಲಿ ತಣ್ಣಗೆ ಸೋರುತ್ತಿತ್ತು.

"ಗಡ್ಡೆ ಅಲ್ಲ, ಕ್ಯಾನ್ಸರ್ ಅಲ್ಲ," ಅಂದರು ಡಾಕ್ಟರ್. ನನ್ನ ಜೀವ ವಾಪಸು ಬಂತು. "ವಯಸ್ಸಾಗ್ತಾ ಕರುಳಿನ ಗೋಡೇಲಿ ಕೆಲವು ರಕ್ತನಾಳ ಉಬ್ಬಿ ತೆಳ್ಳಗಾಗತ್ತೆ. ಇವತ್ತು ಸೋರತ್ತೆ, ನಾಳೆ ತಾನೇ ನಿಲ್ಲತ್ತೆ, ಮತ್ತೆ ಸೋರತ್ತೆ. ಅದಕ್ಕೇ ಸಿಕ್ಕಿರಲಿಲ್ಲ. ಹೊಟ್ಟೆ ಕೊಯ್ಯಲ್ಲಮ್ಮ. ಮಂಪರು ಕೊಟ್ಟು ಬಾಯಿಂದ ಉದ್ದದ ಪೈಪು ಬಿಡ್ತೀನಿ. ಅದಕ್ಕೆ ಬಲೂನು ಇರತ್ತೆ. ಲಂಗಕ್ಕೆ ಲಾಡಿ ಪೋಣಿಸಿ ನೆರಿಗೆ ಸರಿಸ್ತೀವಲ್ಲ, ಹಾಗೆ ಕರುಳನ್ನ ಪೈಪಿನ ಮೇಲೆ ಸರಿಸ್ತಾ ಹೋಗೋದು. ಕಲೆ ಸಿಕ್ಕಿದ ಕಡೆ ಗ್ಯಾಸು, ಕರೆಂಟು ಬಿಟ್ಟು ಸುಡೋದು."

"ಸುಡೋದಾ?" ಶೇಷಮ್ಮ ಕಣ್ಣರಳಿಸಿದಳು. "ಕರಕ್ ಮಾಡಬ್ಯಾಡ್ರವಾ. ತೆಳ್ಳಂದು ಇದ್ರ ತೂತ ಬೀಳ್ತದ."

"ನನಗೂ ಅದೇ ಭಯ. ಹುಷಾರಾಗಿ ಸುಡ್ತೀನಿ" ಎಂದು ಡಾಕ್ಟರ್ ಮೊದಲ ಸಲ ನಕ್ಕರು.

ಆಕೆಯನ್ನು ಒಳಗೆ ಕರೆದುಕೊಂಡು ಹೋದ ಬಾಗಿಲಿನ ಎದುರು ನಾನು, ಈರೇಶ, ಹುಸೇನಪ್ಪ. ಕುರ್ಚಿ ಇದ್ದವು, ಯಾರೂ ಕೂರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಮೂವರೂ ಮುಂದೆ ಹೋಗುವುದು, ಬೇರೆ ಯಾರದೋ ಹೆಸರು ಕೂಗುವುದು, ಹಿಂದೆ ಬರುವುದು. ಈರೇಶ ಗೋಡೆಯ ಪ್ಲಾಸ್ಟರ್ ತಟ್ಟಿ ನೋಡಿ, "ಛಲೋ ಹೊಡದಿಲ್ಲ ಇದು" ಎಂದ. ಹುಸೇನಪ್ಪ ಸುಮ್ಮನಿರು ಎಂದು ಗದರಿದ. ಮಧ್ಯಾಹ್ನ ಜಾರಿದ ಮೇಲೆ ಡಾಕ್ಟರ್ ಬಂದು, ಕಂಡ ಕಲೆಗಳನ್ನೆಲ್ಲ ಸುಟ್ಟೆ, ಸೋರುವುದು ನಿಂತಿದೆ ಅಂದರು. ಹುಸೇನಪ್ಪ ಆಗ ಕುರ್ಚಿಯಲ್ಲಿ ಕೂತ.

ಮನೆಗೆ ಕಳಿಸುವಾಗ ಡಾಕ್ಟರ್ ಖಡಾಖಂಡಿತ ಹೇಳಿದರು. ಇಂಥವು ಇನ್ನೊಂದು ಜಾಗದಲ್ಲಿ ಮತ್ತೆ ಬರಬಹುದು, ಬಂದರೆ ಮತ್ತೆ ಸುಡಬಹುದು, ಅದರಲ್ಲಿ ಹೆದರುವಂಥದ್ದಿಲ್ಲ. ತಡ ಮಾಡುವುದಷ್ಟೇ ಅಪಾಯ. ಕಬ್ಬಿಣಕ್ಕೆ ಇನ್ನು ಮಾತ್ರೆ ಬೇಡ, ನರಕ್ಕೆ ಇಂಜೆಕ್ಷನ್. "ಗುರೆಳ್ಳು ಅಷ್ಟೇನೂ ಕಪ್ಪು ಮಾಡಲ್ಲ. ಆದ್ರೆ ಅದು ತಿಂತಿದ್ರೆ ನೀವು ಕಪ್ಪು ಕಂಡಾಗ ಅದರ ಮೇಲೇ ಹಾಕ್ತೀರ. ಅದಕ್ಕೇ ಬೇಡ." ಶೇಷಮ್ಮ ತಲೆಯಾಡಿಸಿದಳು. ಅಂದಿನಿಂದ ವಠಾರಕ್ಕೆಲ್ಲ ಹಿಂಡಿ ಕುಟ್ಟುತ್ತಾಳೆ, ತಾನು ಬೆರಳು ಕೂಡ ಅದ್ದುವುದಿಲ್ಲ. ಉಪ್ಪು ನೋಡಲು ಈರೇಶ ಬೇಕು. ಅವನು ಪ್ರತಿಸಲ ಒಂದು ರೊಟ್ಟಿ ಪೂರ್ತಿ ಮುಗಿಸಿ, ಗೊತ್ತಾಗಲಿಲ್ಲ ಎನ್ನುತ್ತಾನೆ.

ಇನ್ನುಳಿದದ್ದು ಬೆಳಕು. ಅಮೃತಪ್ಪನ ಹತ್ತಿರ ನಾನು ಜಗಳಕ್ಕೆ ಹೋಗುವ ಮೊದಲೇ ಶೇಷಮ್ಮ ನನ್ನ ಟಾರ್ಚು ವಾಪಸು ಕೊಟ್ಟು, ಕಮ್ಮನಹಳ್ಳಿ ಮೇನ್ ರೋಡಿನಿಂದ ತಾನೇ ಒಂದು ಬಲ್ಬು ತಂದಳು. ಬೆಳಿಗ್ಗೆ ಅದನ್ನು ಸೆರಗಿನಲ್ಲಿ ಹಿಡಿದು ಸಂಡಾಸಿಗೆ ಹೋಗುತ್ತಾಳೆ, ಹೋಲ್ಡರಿಗೆ ಹಾಕುತ್ತಾಳೆ, ನೋಡುತ್ತಾಳೆ, ತಿರುವಿ ತೆಗೆದು ವಾಪಸು ತರುತ್ತಾಳೆ. ಬಲ್ಬು ಹಿಡಿದು ಬರುವ ಆ ಗತ್ತು ನೋಡಬೇಕು.

ಮೊದಲ ದಿನ ಕಂಡ ಬಣ್ಣವನ್ನು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಆಮೇಲೆ ಹುಸೇನಪ್ಪನ ಹತ್ತಿರ ಹೋದಳು, ನಾಚಿಕೆಗೆ ಮಾತು ಬರಲಿಲ್ಲ. "ಒಬ್ಬೊಬ್ಬರಿಗಿ ಯಾಕ ಹೇಳ್ತಿ? ಒಮ್ಮಿಗೇ ಒದರಿಬಿಡು," ಅಂದ ಅವನು. ಶೇಷಮ್ಮ ಒಲೆಯ ಕಟ್ಟೆಯ ಹತ್ತಿರ ನಿಂತು, ಕಣ್ಣು ಗಟ್ಟಿಯಾಗಿ ಮುಚ್ಚಿ, "ಹಳದೀ!" ಎಂದು ಕೂಗಿದಳು. ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದವರು ಬಾಯಿ ತುಂಬ ನೊರೆಯಿಟ್ಟುಕೊಂಡು ಹೋ ಎಂದರು. ವಠಾರದ ಹೆಂಗಸರು ಮುಖ ಮುಚ್ಚಿಕೊಂಡು ನಕ್ಕರು. ಈ ವಯಸ್ಸಿನಲ್ಲಿ ಇಂಥದ್ದಕ್ಕೆ ನಾನು ಚಪ್ಪಾಳೆ ತಟ್ಟುತ್ತೇನೆ ಎಂದು ಯಾರಾದರೂ ಹೇಳಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದೆ.

ಅಲ್ಲಿಂದ ಅದು ದಿನದ ಮಾತಾಯಿತು. ಟೆಂಪೊ ಬರುವ ಮುಂಚೆ ಬಲ್ಬು, ಬಲ್ಬಿನ ಹಿಂದೆ ಕೂಗು, ಕೂಗಿನ ಹಿಂದೆ ರೊಟ್ಟಿ. ಕೇಳಿದವರು ತಲೆಯಾಡಿಸಿ ಪೊಟ್ಟಣ ತೆಗೆದುಕೊಂಡು ಹತ್ತುತ್ತಿದ್ದರು. ಆಕೆಯ ಕೆನ್ನೆಗೆ ಬಣ್ಣ ಬಂತು, ಬಡಿತಕ್ಕೆ ಹಳೆಯ ಲಯ ಬಂತು. ನನಗೆ ಮಾತ್ರ ಆ ಕೂಗು ಕಿವಿ ಸೇರುವವರೆಗೆ ಸಮಾಧಾನ ಇರುತ್ತಿರಲಿಲ್ಲ. ಈಕೆ ಒಮ್ಮೆ ಹಳದಿ ಎಂದು ಸುಳ್ಳು ಹೇಳಿದವಳು. ಇನ್ನೊಮ್ಮೆ ಹೇಳುವುದಿಲ್ಲ ಎಂದು ಹೇಗೆ ನಂಬಲಿ? ಕೂಗಿದ ಮೇಲೂ ಹತ್ತಿರ ಹೋಗಿ ಮುಖ ನೋಡಿ ಬರುತ್ತಿದ್ದೆ.

ಮಳೆಗಾಲ ಕಳೆಯಿತು, ಚಳಿ ಬಂತು. ಸಂಕ್ರಾಂತಿಯ ಹಿಂದಿನ ವಾರ ಇರಬೇಕು, ಸಜ್ಜೆ ರೊಟ್ಟಿಯ ಕಾಲ. ಕಟ್ಟೆಯ ಮೇಲೆ ಎಳ್ಳು ಹಚ್ಚಿದ ರೊಟ್ಟಿಗಳು ಸಾಲಾಗಿದ್ದವು. ನಾನು ಹೋಗುವ ಹೊತ್ತಿಗೆ ಆಕೆ ಬಲ್ಬು ತೆಗೆದುಕೊಂಡು ಒಳಗೆ ಹೋಗಿದ್ದಳು. ಟೆಂಪೊ ಆಗಲೇ ಬಂದು ನಿಂತಿತ್ತು. ಡ್ರೈವರ್ ಹಾರ್ನ್ ಹೊಡೆದ. ಎಂದಿಗಿಂತ ತಡವಾಯಿತು.

ಬಾಗಿಲು ತೆರೆದು ಹೊರಗೆ ಬಂದಳು. ಬಲ್ಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕೂಗಲಿಲ್ಲ. ನಲ್ಲಿ ಹತ್ತಿರದವರು ತಿರುಗಿ ನೋಡಿದರು. ಈರೇಶ ಟೆಂಪೊ ಮೇಲೆ ಒಂದು ಕಾಲಿಟ್ಟವನು ಹಾಗೇ ನಿಂತ. ಶೇಷಮ್ಮ ಅವನನ್ನು ನೋಡಿದಳು, ಹುಸೇನಪ್ಪನನ್ನು ನೋಡಿದಳು, ಕಟ್ಟೆಯ ಮೇಲೆ ಸಾಲಾಗಿದ್ದ ರೊಟ್ಟಿಗಳನ್ನು ನೋಡಿದಳು. ಸುಳ್ಳು ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನನಗೆ ಖಾತ್ರಿಯಾಗಿಬಿಟ್ಟಿತು. ಅವಳಿಗಿಂತ ಮೊದಲು ಕಿರುಚಬೇಕು ಎಂದು ಬಾಯಿ ತೆರೆದೆ.

"ಕರ್ರಗದ್ರೋ!" ಎಂದು ಆಕೆಯೇ ಕೂಗಿದಳು. ಹಳದಿ ಎಂದು ಎಂದೂ ಅಷ್ಟು ಜೋರಾಗಿ ಕೂಗಿರಲಿಲ್ಲ.

ಟೆಂಪೊ ಹಾರ್ನ್ ನಿಂತಿತು. ಹುಸೇನಪ್ಪ ಕೆಳಗಿಳಿದು ಅಂಗಿಯ ತೋಳನ್ನು ಮಡಚತೊಡಗಿದ. ಅವನನ್ನು ನೋಡಿ ಈರೇಶ ಮಡಚಿದ. ಅವನ ಹಿಂದೆ ಇನ್ನಿಬ್ಬರು. ಎಲ್ಲರೂ ರಕ್ತ ಕೊಟ್ಟು ಮೂರು ತಿಂಗಳು ದಾಟಿತ್ತು. ನಾನು ಫೋನ್ ತೆಗೆದು ಶೌಕತ್‌ನ ನಂಬರು ಒತ್ತಿ, ಬೇಗ ಬಾ ಎಂದು ಕೂಗಿದೆ.

ಶೇಷಮ್ಮ ಒಲೆ ಆರಿಸಿದಳು. ಬಲ್ಬನ್ನು ಹಿಟ್ಟಿನ ಡಬ್ಬಿಯ ಪಕ್ಕ ಉರುಳದ ಹಾಗೆ ಇಟ್ಟಳು. ಆಮೇಲೆ, ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕಾಣದ ಹಾಗೆ, ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು.

"ಅವಸರ ಮಾಡಬ್ಯಾಡ್ರಿ ಅಕ್ಕಾರ," ಅಂದಳು. "ಆಟೊ ಬರೋತನ ಎಲ್ಲಾರೂ ಒಂದೊಂದ್ ರೊಟ್ಟಿ ತಿನ್ರಿ. ಬರೇ ಹೊಟ್ಟಿಲಿ ರಕ್ತ ಕೊಡಬಾರ್ದು."